ಬೀಗದ ಕೈ ಇರುವುದು ಹಾಸ್ಯಗಾರನ ಬಳಿ

ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಹಾಸ್ಯಗಾರರು ಹಳೆಯ ಪಂಚೆಯನ್ನು ಮಡಚಿ, ಉಂಡೆ ಮಾಡಿ, ಬೆನ್ನಿಗೆ ಬಿಗಿದುಕೊಳ್ಳುತ್ತಿದ್ದರು. ಗೂನು ಸಿದ್ಧವಾಯಿತು. ಸಾಲಿನ ಆಚೆ ತುದಿಯಲ್ಲಿ ದಶರಥನ ಬಣ್ಣ ಇನ್ನೂ ನಡೆದೇ ಇತ್ತು. ಇವರು ಕನ್ನಡಿ ನೋಡಿ ಹಣೆಗೆ ಕಾಡಿಗೆಯಲ್ಲಿ ನಾಲ್ಕು ಸುಕ್ಕು ಎಳೆದು, ಕೋಲು ಹಿಡಿದು ಎದ್ದೇಬಿಟ್ಟರು. ಪುತ್ತೂರು ಕಡೆಯ ಆ ಯಕ್ಷಗಾನ ಆಟಕ್ಕೆ ನಾನು ಹೋದದ್ದೇ ಈ ಮಂಥರೆಯನ್ನು ನೋಡಲು.

ರಾಮಾಯಣದ ದಿಕ್ಕನ್ನೇ ತಿರುಗಿಸುವ ಪಾತ್ರ ಅದು. ಅದನ್ನು ಯಕ್ಷಗಾನದವರು ಹಾಸ್ಯಗಾರನಿಗೆ ಕೊಟ್ಟಿದ್ದಾರೆ. ಈ ಧೈರ್ಯ ನನಗೆ ಇವತ್ತಿಗೂ ಸೋಜಿಗ.

ರಂಗಸ್ಥಳದಲ್ಲಿ ಕೈಕೇಯಿ ತುಂಬು ಗ್ರಾಂಥಿಕ ಕನ್ನಡದಲ್ಲಿ ಕೇಳಿದಳು: "ನಿನ್ನ ನುಡಿಯ ಮರ್ಮವೇನು?" ಮಂಥರೆ ಸೊಂಟಕ್ಕೆ ಕೈ ಕೊಟ್ಟು, ಉಸ್ಸೆಂದು ಕೂತು, "ಮರ್ಮ ಗಿರ್ಮ ಎಂತದ್ದೂ ಇಲ್ಲ ಅಮ್ಮಾ. ನಾಳೆಯಿಂದ ಉಗ್ರಾಣದ ಬೀಗದ ಕೈ ಕೌಸಲ್ಯಮ್ಮನ ಸೊಂಟಕ್ಕೆ. ಉಪ್ಪು ಬೇಕಾದರೂ ಹೋಗಿ ಕೇಳಬೇಕು, ಅಷ್ಟೇ" ಎಂದಳು. ಸಭೆ ಹೋ ಎಂದು ನಕ್ಕಿತು. ನನ್ನ ಪಕ್ಕದಲ್ಲಿ ಮೊಬೈಲ್ ಒತ್ತುತ್ತಿದ್ದ ಹುಡುಗ ತಲೆಯೆತ್ತಿದ. ಪಟ್ಟಾಭಿಷೇಕದ ರಾಜಕೀಯ ಅವನಿಗೆ ಒಂದೇ ಏಟಿಗೆ ಅರ್ಥವಾಗಿತ್ತು. ಅದೇ ಮಾತನ್ನು ಮಂಥರೆ ಎರಡನೇ ಸಲ ಮೆಲ್ಲಗೆ ಹೇಳಿದಾಗ ಯಾರೂ ನಗಲಿಲ್ಲ. ಕೈಕೇಯಿಯೂ ನಗಲಿಲ್ಲ.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪುಸ್ತಕ ತೆರೆದರೆ ಸಿಗುವುದು ಪದ್ಯ ಮಾತ್ರ. ಬೀಗದ ಕೈ ಅಲ್ಲಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥ ಹೇಳುವುದು ವೇಷಧಾರಿಯ ಹೊಣೆ, ಅದೂ ಆ ಕ್ಷಣಕ್ಕೆ ಹುಟ್ಟಿದ ಮಾತಿನಲ್ಲಿ. ರಾಜರ ಬಾಯಲ್ಲಿ ಒಂದು ಇಂಗ್ಲಿಷ್ ಶಬ್ದ ನುಸುಳಿದರೆ ಅಪಚಾರ. ಆಡುಮಾತಿಗೆ ಇಳಿಯುವ ಸಲಿಗೆ ಇರುವುದು ಹಾಸ್ಯಗಾರನಿಗೆ. ಕೃಷ್ಣನ ಸಾರಥಿ ದಾರುಕ, ಓಲೆ ತರುವ ದೂತ, ರೂಪ ಕೆಟ್ಟು ಬಾಹುಕನಾದ ನಳ, ಎಲ್ಲವೂ ಅವನ ಪಾಲಿಗೆ. ಬಾಹುಕನಲ್ಲಿ ನಗಿಸುತ್ತ ನಗಿಸುತ್ತ ಅಳಿಸಬೇಕು. ಜೋಕು ಬಲ್ಲವರಿಗೆಲ್ಲ ಅದು ಒಲಿಯುವುದಿಲ್ಲ.

ನಿವೃತ್ತ ಭಾಗವತರೊಬ್ಬರು ಚಹಾ ಕುಡಿಯುತ್ತ ಹೇಳಿದ್ದು: "ಹಿಂದೆ ಮೇಳದಲ್ಲಿ ಭಾಗವತ ಬಿಟ್ಟರೆ ಪ್ರಸಂಗದ ನಡೆ ಪೂರಾ ಗೊತ್ತಿದ್ದದ್ದು ಹಾಸ್ಯಗಾರನಿಗೆ. ಯಾರಾದರೂ ತಪ್ಪಿದರೆ ದಾರಿಗೆ ತರುವವನು ಅವನೇ." ಹೊನ್ನಾವರದ ಬಳಿ ಕರ್ಕಿಯಲ್ಲಂತೂ ಹಾಸ್ಯಗಾರ ಎಂಬುದು ಮನೆತನದ ಹೆಸರೇ ಆಗಿದೆ. ಕನ್ನಡ ಭಾಗವತರ ಆಟದಿಂದ ಪ್ರೇರಣೆ ಪಡೆದು 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು, ಮರಾಠಿ ನಾಟಕ ಶುರುವಾದದ್ದು ಅಲ್ಲಿಂದ. ಹಾಗೆ ಸಾಂಗ್ಲಿಗೆ ಹೋದ ಆಟ ಕರ್ಕಿಯವರದೇ ಎಂದು ಆ ನಿವೃತ್ತ ಭಾಗವತರು ಎದೆ ತಟ್ಟಿ ಹೇಳಿದರು.

ಕಲಿಕೆಯ ಬಗ್ಗೆ ಕೇಳಿದರೆ ಮಂಥರೆ ಮಾಡಿದ ಹಾಸ್ಯಗಾರರು ಹೆಚ್ಚೇನೂ ಹೇಳಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿದದ್ದು, ನಿದ್ದೆಗೆಟ್ಟು ಹಿರಿಯರ ಮಾತು ಕೇಳಿದ್ದು, ಇಷ್ಟೇ. "ಊರಿಗೆ ಹೋದ ಕೂಡಲೇ ಅಂಗಡಿ ಕಟ್ಟೆಯಲ್ಲಿ ಕೂರ್ತೇನೆ. ಜನ ಯಾವುದಕ್ಕೆ ಜಗಳ ಆಡ್ತಾರೆ ಅಂತ ಗೊತ್ತಾದರೆ ರಾತ್ರಿಗೆ ಸಾಕು."

ಈಗ ಕಾಲಮಿತಿಯ ಆಟಗಳು ಬಂದಿವೆ. ಮರುದಿನ ಕೆಲಸಕ್ಕೆ ಹೋಗುವವರಿಗೆ ಅದು ಅನುಕೂಲವೇ, ನಾನೂ ಅಂಥವನೇ. ಆದರೆ ಬೆಳಗಿನ ತನಕದ ಕಥೆಯನ್ನು ನಡುರಾತ್ರಿಗೆ ಮುಗಿಸುವಾಗ ಕತ್ತರಿ ಮೊದಲು ಬೀಳುವುದು ದೂತನ ಮೇಲೆ, ದಾರುಕನ ಮೇಲೆ. ಉಳಿದಲ್ಲಿ ಚಪ್ಪಾಳೆಗಾಗಿ ಟಿವಿಯ ನಗೆಹನಿ ತುರುಕುವವರೂ ಇದ್ದಾರೆ. ಅದು ಕಥೆಯ ಬಾಗಿಲು ತೆರೆಯುವುದಿಲ್ಲ. ಜನರನ್ನು ಹೊರಗೇ ನಿಲ್ಲಿಸಿ ನಗಿಸಿ ಕಳಿಸುತ್ತದೆ.

ಆ ರಾತ್ರಿ ಮಂಥರೆಗೆ ಸಿಕ್ಕಿದ್ದು ಹನ್ನೆರಡು ನಿಮಿಷ. ಒಳಗೆ ಬಂದವರು ಗೂನು ಬಿಚ್ಚಿ, ಪಂಚೆ ಕೊಡವಿ ಮಡಚಿಟ್ಟರು. ಹಂಗಾಮು ಮುಗಿಯುವ ಪತ್ತನಾಜೆಯ ತನಕ ಮೇಳಗಳು ತಿರುಗಾಟದಲ್ಲಿರುತ್ತವೆ. ಕರಪತ್ರದಲ್ಲಿ ಪಟ್ಟಾಭಿಷೇಕ ಎಂದು ಕಂಡರೆ ರಾಮ ಯಾರು, ದಶರಥ ಯಾರು ಎಂದು ಆಮೇಲೆ ನೋಡಿ. ಮಂಥರೆ ಯಾರದ್ದು ಎಂದು ಮೊದಲು ವಿಚಾರಿಸಿ ಹೋಗಿ.