ಕರಾಟೆ ಕ್ಲಾಸ್ ಮುಗೀತು, ಅಮ್ಮನ ಕೆಲಸ ಶುರು!

ಮಕ್ಕಳು ಸಂಜೆ ಕರಾಟೆ, ಜೂಡೊ, ಟೇಕ್ವಾಂಡೊ ಅಂತ ಹೋಗ್ತಾರಾ? ಮನೆಗೆ ಬಂದವರೇ ಬ್ಯಾಗ್ ಮೂಲೆಗೆಸೆದು ‘ಅಮ್ಮಾ, ಕಾಲು ನೋವು’ ಅಂತ ಸೋಫಾ ಮೇಲೆ ಉರುಳಿಕೊಳ್ತಾರಾ? ಗಾಬರಿ ಬೇಡ. ಆದರೆ ಒಂದು ಮಾತು ನೆನಪಿರಲಿ. ದಣಿದ ಸ್ನಾಯುಗಳು ಚೇತರಿಸಿಕೊಂಡು ಗಟ್ಟಿಯಾಗುವುದು ಅಭ್ಯಾಸದ ನಂತರದ ಊಟ, ನಿದ್ದೆ, ವಿಶ್ರಾಂತಿಯಲ್ಲಿ. ಅದೆಲ್ಲ ನಿಮ್ಮ ಕೈಯಲ್ಲೇ ಇದೆ!

* ಅಭ್ಯಾಸ ಮುಗಿದ ತಕ್ಷಣ ಧೊಪ್ಪನೆ ಕೂರುವುದು ಬೇಡ. 5-10 ನಿಮಿಷ ನಿಧಾನವಾಗಿ ನಡೆದು, ಕೈಕಾಲು ಸಡಿಲಿಸಲಿ.

* ಮೊದಲು ನೀರು ಅಥವಾ ಉಪ್ಪು ಹಾಕಿದ ಮಜ್ಜಿಗೆ ಕೊಡಿ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲದು ಎಂದರ್ಥ. ಗಂಟೆಯೊಳಗೆ ಬಾಳೆಹಣ್ಣು-ಹಾಲು, ಹೆಸರುಕಾಳಿನ ಉಸಲಿ ಅಥವಾ ಮೊಟ್ಟೆ-ಚಪಾತಿ ಸಾಕು. ದುಬಾರಿ ಪ್ರೋಟೀನ್ ಪುಡಿ ಬೇಕಿಲ್ಲ.

* ಬಂದ ಕೂಡಲೇ ಸ್ನಾನ ಮಾಡಿಸಿ, ಯೂನಿಫಾರ್ಮ್ ಪ್ರತಿ ಸಲವೂ ಒಗೆಯಿರಿ. ಎಲ್ಲರೂ ಹೊರಳಾಡುವ ಮ್ಯಾಟ್‌ನಿಂದ ಹುಳುಕಡ್ಡಿ ಬಲು ಬೇಗ ಹರಡುತ್ತದೆ.

* ಹೊಸ ಪಟ್ಟು ಕಲಿತ ಮೇಲೆ ಒಂದೆರಡು ದಿನ ಮೈಕೈ ನೋವು ಸಹಜ. ಉಳುಕಿ ಊದಿಕೊಂಡಿದ್ದರೆ ಎಣ್ಣೆ ಹಾಕಿ ತಿಕ್ಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ 15-20 ನಿಮಿಷ ಇಡಿ. ಕಾಲೂರಲು ಆಗದಿದ್ದರೆ ವೈದ್ಯರಿಗೆ ತೋರಿಸಿ. ನೋವಿನ ಮಾತ್ರೆಯನ್ನು ನೀವೇ ಕೊಡಬೇಡಿ.

* 6ರಿಂದ 12 ವರ್ಷದವರಿಗೆ 9-12 ಗಂಟೆ, ಹದಿಹರೆಯದವರಿಗೆ 8-10 ಗಂಟೆ ನಿದ್ದೆ ಬೇಕು. ವಾರಕ್ಕೆ ಒಂದೆರಡು ದಿನ ಕ್ಲಾಸಿಗೆ ಪೂರ್ತಿ ರಜೆ ಇರಲಿ.

* ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಕು ಕಂಡರೆ ಆಟ ಅಲ್ಲಿಗೇ ನಿಲ್ಲಲಿ. ಆ ದಿನವೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಒಪ್ಪುವವರೆಗೆ ಕ್ಲಾಸ್ ಬೇಡ.

ತೂಕದ ಹುಚ್ಚು ಬೇಡ

2024ರ ಪ್ಯಾರಿಸ್ ಒಲಿಂಪಿಕ್ಸ್ ನೆನಪಿದೆಯಲ್ಲ? 50 ಕೆ.ಜಿ. ಕುಸ್ತಿ ಫೈನಲ್ ದಿನ ಬೆಳಿಗ್ಗೆ ವಿನೇಶ್ ಫೋಗಟ್ ತೂಕ 100 ಗ್ರಾಂ ಹೆಚ್ಚು ಬಂತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿಕೊಂಡರೂ ಫಲ ಸಿಗಲಿಲ್ಲ. ದೇಹದ ನೀರಿನಂಶ ಇಳಿದು ಆಸ್ಪತ್ರೆಗೂ ಸೇರಬೇಕಾಯಿತು. ವೈದ್ಯರು, ಕೋಚ್‌ಗಳು ಜೊತೆಗಿದ್ದ ಒಲಿಂಪಿಕ್ ಆಟಗಾರ್ತಿಯ ಪಾಡೇ ಹೀಗಾದರೆ, ಹನ್ನೆರಡರ ಮಗುವಿಗೆ ಸ್ಪರ್ಧೆಯ ಹಿಂದಿನ ದಿನ ಊಟ, ನೀರು ಬಿಡಿಸುವುದು ಸರಿಯೇ? ‘ಒಂದು ಕೆ.ಜಿ. ಇಳಿಸಿದರೆ ಪದಕ ಗ್ಯಾರಂಟಿ’ ಅಂತ ಯಾರೇ ಹೇಳಿದರೂ ಒಪ್ಪಬೇಡಿ. ಬೆಳೆಯುವ ಮಕ್ಕಳ ತೂಕ ಏರುವುದೇ ಆರೋಗ್ಯ. ಮೇಲಿನ ತೂಕದ ವಿಭಾಗದಲ್ಲೇ ಆಡಲಿ ಬಿಡಿ.

ಪದಕ ಈ ವರ್ಷ ಅಲ್ಲದಿದ್ದರೆ ಮುಂದಿನ ವರ್ಷ ಬಂದೀತು. ಇವತ್ತು ರಾತ್ರಿ ಮಗು ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಲಿ. ಅಲ್ಲವೇ?