ಕಾಫಿ ಕಣದಲ್ಲಿ ಕ್ಲಾಸು

ಮಲೆನಾಡಿನ ಆಲ್ದೂರು ಪೇಟೆ ದಾಟಿ ತೋಟದ ಮಣ್ಣುದಾರಿಗೆ ಇಳಿದರೆ, ಮಳೆಗಾಲದಲ್ಲಿ ಮೊದಲು ಎದುರಾಗುವುದು ಸದ್ದು. ಸಿಲ್ವರ್ ಓಕ್ ಮರದಿಂದ ಮೆಣಸಿನ ಬಳ್ಳಿಗೆ, ಬಳ್ಳಿಯಿಂದ ಕಾಫಿ ಎಲೆಗೆ ತೊಟ್ಟಿಕ್ಕುವ ನೀರು, ನಡುನಡುವೆ ಜೀರುಂಡೆ. ಕೊಳೆತ ತರಗೆಲೆಯ ವಾಸನೆಯೊಂದಿಗೆ ಕೂಲಿಕಾರರ ಲೈನ್ ಮನೆಗಳ ಒಲೆಯ ಹೊಗೆ ಬೆರೆತು ನೆಲದ ಮಟ್ಟದಲ್ಲೇ ತೇಲುತ್ತಿರುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಬಗ್ಗಿ ಗಿಡದ ಚಿಗುರು ತೆಗೆಯುತ್ತಾರೆ, ಕಾಲಿಗೆ ಹತ್ತಿದ ಇಂಬಳವನ್ನು ಕಿತ್ತೆಸೆದು ಮುಂದಿನ ಸಾಲಿಗೆ ಹೋಗುತ್ತಾರೆ. ಕೋವಿಡ್ಡಿನ ಎರಡು ಮಳೆಗಾಲ, 2020 ಮತ್ತು 2021ರಲ್ಲಿ, ಕಾಲೇಜು ಇದೇ ದಾರಿಯಲ್ಲಿ ನಡೆದು ಲೈನ್ ಮನೆಯೊಳಗೆ ಬರಬೇಕಿತ್ತು.

ಅಂಥ ಒಂದು ಮನೆಗೆ ನನ್ನ ಜೊತೆ ಬನ್ನಿ. ಹತ್ತು ಗಂಟೆಗೆ ಅಕ್ಕನಿಗೆ ಬಿ.ಕಾಂ. ಕ್ಲಾಸು, ಅದೇ ಹೊತ್ತಿಗೆ ತಮ್ಮನಿಗೆ ಹೈಸ್ಕೂಲಿನ ಪಾಠ. ಮನೆಗಿರುವುದು ಒಂದೇ ಸ್ಮಾರ್ಟ್‌ಫೋನು. ಗಾಜು ಒಡೆದಿದೆ, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದೆ. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗಿದೆ, ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. "ತಮ್ಮಂದು ಮುಗೀಲಿ ಕಣೇ, ಆಮೇಲೆ ನೀನು ತಗಾ," ಎನ್ನುತ್ತಾಳೆ ಕೆಲಸಕ್ಕೆ ಹೊರಟ ಅಮ್ಮ. ಫೋನು ಕೈಗೆ ಬಂದಾಗ ಹುಡುಗಿ ಕೊಡೆ ಹಿಡಿದು ಕಾಫಿ ಕಣಕ್ಕೆ ಓಡುತ್ತಾಳೆ. ಹಣ್ಣು ಒಣಗಿಸುವ ಆ ಬಯಲು ಮಳೆಗಾಲದಲ್ಲಿ ಖಾಲಿ. ಅಲ್ಲಿ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತದೆ. ಮೇಷ್ಟ್ರು ಲೆಕ್ಕ ಹೇಳುತ್ತಿದ್ದಾರೆ. 'ಡೆಬಿಟ್' ಎಂದದ್ದು ಕೇಳಿಸಿತು, ಮುಂದಿನದು ಕೊಡೆಯ ಮೇಲಿನ ಮಳೆಯಲ್ಲಿ ಕರಗಿತು. ರಾತ್ರಿ ವಾಟ್ಸ್‌ಆಪ್‌ನಲ್ಲಿ ಬಂದ ನೋಟ್ಸಿನ ಮಸುಕು ಫೋಟೋವನ್ನು ಚಿಮಣಿ ಬೆಳಕಿನಲ್ಲಿ ಹಿಗ್ಗಿಸಿ, ಅಕ್ಷರ ಊಹಿಸಿ ಬರೆದುಕೊಳ್ಳಬೇಕು. ಅದೇ ಕಣದ ಮೇಲ್ಬದಿಯಲ್ಲಿರುವ ತೋಟದ ಮಾಲೀಕರ ಬಂಗಲೆಯಲ್ಲಿ ಯುಪಿಎಸ್ ಇದೆ, ಲ್ಯಾಪ್‌ಟಾಪ್ ಇದೆ, ಬೆಂಗಳೂರಿನಲ್ಲಿ ಓದುವ ಮಗ ಕೋಣೆಯಲ್ಲಿ ಕೂತು ಪೂರ್ತಿ ಪಾಠ ಕೇಳುತ್ತಾನೆ. ಅವನದೇನೂ ತಪ್ಪಿಲ್ಲ. ಆದರೆ ಇಬ್ಬರಿಗೂ ಹಾಜರಿಯ, ಪರೀಕ್ಷೆಯ ನಿಯಮ ಒಂದೇ ಅಂದದ್ದು ನನಗೆ ಇವತ್ತಿಗೂ ನ್ಯಾಯ ಅನಿಸುವುದಿಲ್ಲ.

ಹೀಗಾಗುತ್ತದೆಂದು ತಿಳಿಯದೆ ಇರಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4 ಮನೆಗಳಲ್ಲಿ, ಇಂಟರ್ನೆಟ್ ಸೌಲಭ್ಯ 14.9ರಲ್ಲಿ, ಪಟ್ಟಣಗಳಲ್ಲಿ ಅವು 23.4 ಮತ್ತು 42. ಘಟ್ಟದ ಕೆಳಗೆ, ಸುಳ್ಯದ ಗುತ್ತಿಗಾರಿನ ಕಡೆ, ರಸ್ತೆ ಬದಿ ಕೂತ ಮಗಳ ಕ್ಲಾಸು ಮುಗಿಯುವವರೆಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರ ಜೂನ್‌ನಲ್ಲಿ ನಾಡೇ ನೋಡಿತು. ಅದೇ ತಿಂಗಳು ರಾಜ್ಯ ಸರ್ಕಾರ ತನ್ನ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಲು ಶುರುಮಾಡಿತು. ಒಳ್ಳೆಯ ಕೆಲಸವೇ. ಗುಡ್ಡದ ಮರೆಯ ನೆಟ್‌ವರ್ಕನ್ನು ಮಾತ್ರ ಹಂಚಲಾಗಲಿಲ್ಲ.

ಕ್ಲಾಸುಗಳು ಮತ್ತೆ ಕಾಲೇಜಿಗೆ ಮರಳಿವೆ. ಉಳಿದದ್ದು ಫೋನಿನಲ್ಲೇ ಇದೆ: ಪ್ರವೇಶ, ಪರೀಕ್ಷೆ ಅರ್ಜಿ, ಫಲಿತಾಂಶ ಯುಯುಸಿಎಂಎಸ್ ಎಂಬ ಪೋರ್ಟಲ್‌ನಲ್ಲಿ, ವಿದ್ಯಾರ್ಥಿವೇತನ ಇನ್ನೊಂದು ಪೋರ್ಟಲ್‌ನಲ್ಲಿ. ಒಟಿಪಿ ಬರುವುದು ಕೆಲಸಕ್ಕೆ ಹೋದ ಅಪ್ಪನ ಜೇಬಿನ ಫೋನಿಗೆ. ಈ ಕೆಲಸಗಳಿಗೆ ಊರಲ್ಲೇ ಒಂದು ಜಾಗ ಆಗಬಹುದು: ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಮಲೆನಾಡಿನ ಕೇಂದ್ರಗಳಿಗೆ ಯುಪಿಎಸ್ ಕೊಡಿ, ಕಾಲೇಜು ಮಕ್ಕಳು ಬಸ್ಸಿಳಿದು ಬರುವ ಸಂಜೆಯ ಹೊತ್ತಿಗೆ ಬಾಗಿಲು ತೆರೆದಿಡಿ. ಪಂಚಾಯಿತಿ ಸದಸ್ಯರು ಮನಸ್ಸು ಮಾಡಿದರೆ ಮುಂದಿನ ಮಳೆಗಾಲದೊಳಗೆ ಆಗುವ ಕೆಲಸ ಇದು.