ಇಳಿವಯಸ್ಸಿನ ಗರ್ಭಧಾರಣೆ: ಅಂಡದ ವಯಸ್ಸು ಮತ್ತು ದೇಹದ ವಯಸ್ಸು

2019ರಲ್ಲಿ ಆಂಧ್ರಪ್ರದೇಶದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಅವಳಿ ಮಕ್ಕಳನ್ನು ಹಡೆದ ವಾರ್ತೆ ಪ್ರಕಟವಾದಾಗ, ಹೆರುವುದಕ್ಕೆ ವಯಸ್ಸಿನ ಮಿತಿಯೇ ಇಲ್ಲವೇನೋ ಎಂಬ ಭಾವನೆ ಜನರಲ್ಲಿ ಮೂಡಿದ್ದರೆ ಆಶ್ಚರ್ಯವಿಲ್ಲ. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಅರಿಯಬೇಕಾದರೆ ಎರಡು ವಯಸ್ಸುಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕು: ಒಂದು ಅಂಡದ್ದು, ಮತ್ತೊಂದು ತಾಯಿಯ ದೇಹದ್ದು.

ಸ್ತ್ರೀಯ ಅಂಡಗಳು ಆಕೆ ಹುಟ್ಟುವ ಮೊದಲೇ ರೂಪುಗೊಂಡಿರುತ್ತವೆ. ಜನನಕಾಲದಲ್ಲಿ 10ರಿಂದ 20 ಲಕ್ಷದಷ್ಟಿರುವ ಇವು ಋತುಮತಿಯಾಗುವ ವೇಳೆಗೆ 3-4 ಲಕ್ಷಕ್ಕೆ ಇಳಿಯುತ್ತವೆ. ಮುಟ್ಟು ನಿಲ್ಲುವಾಗ ಉಳಿಯುವುದು ಸುಮಾರು ಸಾವಿರ. ಹುಟ್ಟಿಗೆ ಮುನ್ನವೇ ಅರ್ಧಕ್ಕೆ ನಿಂತ ಕೋಶವಿಭಜನೆಯು ಅಂಡ ಬಿಡುಗಡೆಯಾಗುವ ವೇಳೆಗೆ ಮುಂದುವರಿಯುತ್ತದೆ. ಈ ದೀರ್ಘಾವಧಿಯಲ್ಲಿ ವರ್ಣತಂತುಗಳನ್ನು ಜೊತೆಯಾಗಿ ಹಿಡಿದಿಡುವ ಕೊಹೆಸಿನ್ ಎಂಬ ಪ್ರೋಟೀನು ಕ್ಷೀಣಿಸುವುದರಿಂದ ಅವುಗಳ ಹಂಚಿಕೆ ತಪ್ಪುವ ಸಂಭವ ಹೆಚ್ಚುತ್ತದೆ. 21ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿಯೇ ಡೌನ್ ಲಕ್ಷಣಕೂಟಕ್ಕೆ ಕಾರಣವೆಂದು 1959ರಲ್ಲಿ ಫ್ರಾನ್ಸಿನ ಲೆಜೂನ್ ಮತ್ತು ಸಂಗಡಿಗರು ತೋರಿಸಿದರು. ತಾಯಿಯ ವಯಸ್ಸು 25 ಆಗಿದ್ದಾಗ ಇದು ಸುಮಾರು 1,250 ಜನನಗಳಿಗೆ ಒಂದು. 40ರಲ್ಲಿ ನೂರಕ್ಕೆ ಒಂದು. 45ರಲ್ಲಿ ಮೂವತ್ತಕ್ಕೆ ಒಂದು. ಗರ್ಭಸ್ರಾವವೂ ಹಾಗೆಯೇ. 2000ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ, 42 ವರ್ಷದವರು ಬಯಸಿ ಪಡೆದ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಲಿಲ್ಲ.

ಎಳೆಯ ವಯಸ್ಸಿನವರು ದಾನವಿತ್ತ ಅಂಡದಿಂದ ಗರ್ಭ ಪಡೆಯುವ ವಿಧಾನ 1984ರಿಂದ ಫಲ ಕೊಡುತ್ತ ಬಂದಿದೆ. ಮುಟ್ಟು ನಿಂತವರೂ ಹಡೆಯುವುದು ಇದರಿಂದ ಸಾಧ್ಯವಾಯಿತು. ಆಗ ವರ್ಣತಂತುದೋಷದ ಅಪಾಯ ದಾನಿಯ ವಯಸ್ಸಿಗೆ ತಕ್ಕಷ್ಟಿರುತ್ತದೆ. ಆದರೆ ಗರ್ಭವನ್ನು ಹೊರುವ ದೇಹದ ವಯಸ್ಸು ಇದರಿಂದ ಕಡಿಮೆಯಾಗದು. ಗರ್ಭಿಣಿಯ ರಕ್ತದ ಪರಿಮಾಣ ಶೇಕಡ 40-50ರಷ್ಟು ಹೆಚ್ಚುತ್ತದೆ. ಆ ಹೊರೆಯನ್ನು ಹೃದಯವೂ ಪೆಡಸಾದ ರಕ್ತನಾಳಗಳೂ ತಾಳಬೇಕು. ಆದಕಾರಣ ರಕ್ತದೊತ್ತಡ, ಗರ್ಭನಂಜು, ಮಧುಮೇಹ, ಮಾಸು ಗರ್ಭದ್ವಾರಕ್ಕೆ ಅಡ್ಡವಾಗುವುದು, ಅಕಾಲ ಪ್ರಸವ, ಗರ್ಭದಲ್ಲಿಯೇ ಶಿಶುಮರಣ ಇವೆಲ್ಲ ವಯಸ್ಸಿನೊಡನೆ ಏರುತ್ತವೆ. ಪರರ ಅಂಡದಿಂದಾದ ಬಸಿರಿನಲ್ಲಿ ಗರ್ಭನಂಜಿನ ಸಂಭವ ಇನ್ನೂ ಅಧಿಕ. ಅವಳಿಯಾದರೆ ಮತ್ತಷ್ಟು ಅಧಿಕ.

ಭಾರತದಲ್ಲಿ 2021ರ ಅಧಿನಿಯಮವು ಇಂಥ ಚಿಕಿತ್ಸೆಗೆ ಸ್ತ್ರೀಯರಿಗೆ 50, ಪುರುಷರಿಗೆ 55 ವರ್ಷಗಳ ಮೇಲ್ಮಿತಿಯನ್ನು ವಿಧಿಸಿತು. ಆ ಮಿತಿಯೊಳಗಿನವರಿಗೂ ಎಚ್ಚರಿಕೆ ಬೇಕು. ಬಸಿರಿಗೆ ಮುನ್ನ ಹೃದಯ, ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆ. ಒಂದೇ ಭ್ರೂಣವನ್ನು ಇರಿಸುವುದು. ಅಪಾಯವುಳ್ಳವರಿಗೆ ವೈದ್ಯರ ಸಲಹೆಯಂತೆ ಅಲ್ಪಪ್ರಮಾಣದ ಆಸ್ಪಿರಿನ್ ಇವು ಪ್ರಯೋಜನಕರ. ನಲವತ್ತರ ಆಸುಪಾಸಿನಲ್ಲಿ ಹಡೆಯುವವರಲ್ಲಿ ಹೆಚ್ಚಿನವರು ಆರೋಗ್ಯವಂತ ಶಿಶುಗಳನ್ನೇ ಪಡೆಯುತ್ತಾರೆಂಬುದನ್ನು ಮರೆಯಲಾಗದು. ಆದರೆ ಮಗುವನ್ನು ಬಯಸುವ ದಂಪತಿಗಳಿಗೆ ಅಂಡದ ಮಾತನ್ನಷ್ಟೇ ಹೇಳಿ, ತಾಯಿಯ ಪ್ರಾಣಕ್ಕಿರುವ ಅಪಾಯವನ್ನು ಹೇಳದೆ ಬಿಟ್ಟರೆ ಅವರಿಗೆ ಸಲಹೆಯಿತ್ತಂತಾಗುವುದಿಲ್ಲ.